ಹೊಡೆದಾಡಿ ಗೆದ್ದರೆ ಖುಲಾಸೆ: 1819ರವರೆಗೂ ಇಂಗ್ಲೆಂಡಿನಲ್ಲಿ ಇದು ಕಾನೂನು

ಕೋರ್ಟ್‌ಬೀದಿ

ಎರಡು ವಾರದಿಂದ ಒಂದು ಹಳೇ ಕೇಸು ತಲೆಯಿಂದ ಇಳಿಯುತ್ತಿಲ್ಲ. ನಾನು ವಕೀಲ, ದಿನವೂ ಕಾನೂನಿನ ನಡುವೆಯೇ ಇರುವವನು. ಆದರೂ ಇದನ್ನು ಓದಿ ದಂಗಾಗಿ ಕೂತೆ. ಇಲ್ಲಿ ಇತಿಹಾಸ ಬಲ್ಲವರು ಜಾಸ್ತಿ ಇದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಸಮಾಧಾನವಾಗಿ ಓದಿ.

1817ರ ಮೇ 26. ಬರ್ಮಿಂಗ್‌ಹ್ಯಾಮ್ ಹತ್ತಿರದ ಒಂದು ಪಾನಗೃಹದಲ್ಲಿ ರಾತ್ರಿ ಕುಣಿತದ ಕೂಟ. ಮೇರಿ ಆಶ್‌ಫರ್ಡ್ ಎಂಬ 20 ವರ್ಷದ ಹುಡುಗಿ ಗೆಳತಿಯ ಜೊತೆ ಹೋಗಿದ್ದಳು. ಅಲ್ಲಿ ಅಬ್ರಹಾಂ ಥಾರ್ನ್‌ಟನ್ ಎಂಬ ಗಾರೆ ಕೆಲಸದವನ ಪರಿಚಯ ಆಯಿತು. ಕೂಟ ಮುಗಿದ ಮೇಲೆ ಅವನ ಜೊತೆ ಹೊರಟಳು. ನಸುಕಿನಲ್ಲಿ ಗೆಳತಿ ಇದ್ದ ಮನೆಗೆ ಬಂದು, ಬಟ್ಟೆ ಬದಲಿಸಿಕೊಂಡು, ಒಬ್ಬಳೇ ತನ್ನ ದಾರಿ ಹಿಡಿದಳು. ಬೆಳಗ್ಗೆ ಎರ್ಡಿಂಗ್‌ಟನ್ ಬಳಿಯ ನೀರು ತುಂಬಿದ ಹೊಂಡದಲ್ಲಿ ಅವಳ ಹೆಣ ಸಿಕ್ಕಿತು.

ಥಾರ್ನ್‌ಟನ್‌ನನ್ನು ಹಿಡಿದರು. ಜೊತೆಗಿದ್ದದ್ದು ನಿಜ, ಕೊಂದಿಲ್ಲ ಎಂದ. ಆ ಹೊತ್ತಿಗೆ ಅವನು ಬೇರೆ ಕಡೆ ನಡೆದು ಹೋಗುತ್ತಿದ್ದದ್ದನ್ನು ನೋಡಿದೆವು ಎಂದು ಸಾಕ್ಷಿಗಳೂ ಹೇಳಿದರು. ಆಗಸ್ಟಿನಲ್ಲಿ ವಾರ್ವಿಕ್‌ನಲ್ಲಿ ವಿಚಾರಣೆ ನಡೆಯಿತು. ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನರ ತಂಡ, ಕೆಲವೇ ನಿಮಿಷಗಳಲ್ಲಿ ಅವನನ್ನು ಖುಲಾಸೆ ಮಾಡಿತು. ಜನ ಕೆರಳಿದರು.

ಆಗ ಯಾರೋ ಒಂದು ತುಕ್ಕು ಹಿಡಿದ ಕಾನೂನನ್ನು ಹುಡುಕಿ ತೆಗೆದರು. ಅದರ ಹೆಸರು ಕೊಲೆಯ ಅಪೀಲು. ಈಗ ನಾವು ಮೇಲಿನ ಕೋರ್ಟಿಗೆ ಹಾಕುವ ಅಪೀಲು ಅಲ್ಲ ಅದು. ಸರ್ಕಾರದ ಕೇಸು ಸೋತರೂ ಸತ್ತವರ ವಾರಸುದಾರ ತಾನೇ ನೇರವಾಗಿ ಕೊಲೆಗಾರನ ಮೇಲೆ ಹೂಡಬಹುದಾದ ಖಾಸಗಿ ದಾವೆ. ಮೇರಿಯ ಅಣ್ಣ ವಿಲಿಯಂ ಹೂಡಿದ. ನವೆಂಬರಿನಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ಥಾರ್ನ್‌ಟನ್‌ನನ್ನು ನಿಲ್ಲಿಸಿ, ತಪ್ಪು ಒಪ್ಪಿಕೊಳ್ಳುತ್ತೀಯಾ ಎಂದು ಕೇಳಿದರು. ಅವನು, ನಾನು ತಪ್ಪಿತಸ್ಥ ಅಲ್ಲ, ಅದನ್ನು ನನ್ನ ಮೈಯಿಂದಲೇ ಸಾಬೀತು ಮಾಡಲು ಸಿದ್ಧ ಎಂದು ಹೇಳಿ, ಒಂದು ತೊಗಲಿನ ಕೈಗವಸನ್ನು ನೆಲಕ್ಕೆ ಎಸೆದ. ಅಂದರೆ, ಬಾ ಹೊಡೆದಾಡೋಣ!

ನನ್ನನ್ನು ಅಲ್ಲಾಡಿಸಿದ್ದು ಮುಂದಿನದು. 1818ರ ಏಪ್ರಿಲ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಎಲೆನ್‌ಬರೋ ಮತ್ತು ಜೊತೆಯ ನ್ಯಾಯಮೂರ್ತಿಗಳು ಇವನಿಗೆ ಆ ಹಕ್ಕು ಇದೆ ಎಂದು ತೀರ್ಪು ಕೊಟ್ಟರು. ನಮಗೆ ಹೇಗಿದ್ದರೆ ಇಷ್ಟ ಎನ್ನುವುದು ಮುಖ್ಯ ಅಲ್ಲ, ಕಾನೂನು ಹೇಗಿದೆಯೋ ಹಾಗೆ ಹೇಳುವುದು ನಮ್ಮ ಕೆಲಸ ಎನ್ನುವ ಅರ್ಥದಲ್ಲಿ ಮಾತಾಡಿದರು. ವಿಲಿಯಂ ಸಣಕಲು ಹುಡುಗ, ಥಾರ್ನ್‌ಟನ್ ಗಟ್ಟಿ ಆಳು. ವಿಲಿಯಂ ಕಾದಾಟಕ್ಕೆ ಇಳಿಯಲಿಲ್ಲ. ಥಾರ್ನ್‌ಟನ್ ಬಿಡುಗಡೆಯಾಗಿ, ಆಮೇಲೆ ಅಮೆರಿಕಕ್ಕೆ ಹೋದ. 1819ರಲ್ಲಿ ಪಾರ್ಲಿಮೆಂಟು ಈ ಅಪೀಲನ್ನೂ ಕಾದಾಟವನ್ನೂ ಒಟ್ಟಿಗೇ ರದ್ದು ಮಾಡಿತು.

ಹತ್ತೊಂಬತ್ತನೇ ಶತಮಾನ ಸ್ವಾಮಿ! ಉಗಿಯಂತ್ರ ಓಡುತ್ತಿದ್ದ ಕಾಲ. ಇದು ಅಷ್ಟು ದಿನ ಹೇಗೆ ಉಳಿಯಿತು? ಮೊದಲು ಯಾಕಾದರೂ ಹುಟ್ಟಿತು?

ಗರಡಿಮನೆ

ವಕೀಲರೇ, ನಮ್ಮ ತಾತ ಗರಡಿ ಆಳು. ಹಾಗಾಗಿ ನನಗೆ ಬೇರೆಯದೇ ಪ್ರಶ್ನೆ. ಏನು ಹಿಡಿದು ಹೊಡೆದಾಡುತ್ತಿದ್ದರು? ಕತ್ತಿಯಾ? ಎಷ್ಟು ಹೊತ್ತು? ಸೋಲು ಅಂತ ಯಾವಾಗ ತೀರ್ಮಾನ? ವಯಸ್ಸಾದವರು, ಕಾಲು ಇಲ್ಲದವರು ಏನು ಮಾಡುತ್ತಿದ್ದರು?

ಕೋರ್ಟ್‌ಬೀದಿ

ಅಣ್ಣ, ಒಳ್ಳೇ ಪ್ರಶ್ನೆ. ಸಿನಿಮಾದಲ್ಲಿ ತೋರಿಸುವ ಹಾಗೆ ಕುದುರೆ, ಕಬ್ಬಿಣದ ಕವಚ, ಉದ್ದ ಕತ್ತಿ ಎಲ್ಲ ದೊಡ್ಡ ಮನೆತನದವರಿಗೆ. ಇಂಗ್ಲೆಂಡಿನ ಸಾಮಾನ್ಯರ ಕಾದಾಟಕ್ಕೆ ದೊಣ್ಣೆ ಮತ್ತು ತೊಗಲಿನ ಗುರಾಣಿ. ಸೂರ್ಯ ಹುಟ್ಟಿದ ಮೇಲೆ ಶುರು, ಆಕಾಶದಲ್ಲಿ ನಕ್ಷತ್ರ ಕಾಣುವವರೆಗೆ. ಅಷ್ಟು ಹೊತ್ತು ಆರೋಪಿ ಸೋಲದೆ ನಿಂತರೆ ಸಾಕು, ಅವನು ಬಿಡುಗಡೆ. ಸೋತವನು ಬಾಯಿಬಿಟ್ಟು ಸೋತೆ ಎನ್ನಬೇಕಿತ್ತು. ಆ ಮಾತು ಆಡಿದವನಿಗೆ ಆಮೇಲೆ ಯಾವ ಕೋರ್ಟಿನಲ್ಲೂ ಸಾಕ್ಷಿ ಹೇಳುವ ಯೋಗ್ಯತೆ ಇರುತ್ತಿರಲಿಲ್ಲ.

60 ದಾಟಿದವರಿಗೆ, ಅಂಗ ಊನ ಆದವರಿಗೆ, ಪಾದ್ರಿಗಳಿಗೆ, ಹೆಂಗಸರಿಗೆ ವಿನಾಯಿತಿ. ಹದಿಮೂರನೇ ಶತಮಾನದ ಬ್ರ್ಯಾಕ್ಟನ್‌ನ ಕಾನೂನು ಬರಹದಲ್ಲಿ ಒಂದು ಮಾತಿದೆ. ಮುಂಹಲ್ಲು ಉದುರಿದ್ದರೆ ಅದನ್ನು ಊನ ಎಂದು ಲೆಕ್ಕ ಹಾಕಬೇಕು, ದವಡೆ ಹಲ್ಲು ಹೋಗಿದ್ದರೆ ಇಲ್ಲ. ಯಾಕೆ ಅಂದರೆ ಕಾದಾಟದಲ್ಲಿ ಉಪಯೋಗಕ್ಕೆ ಬರುವುದು ಮುಂಹಲ್ಲು! ದೊಣ್ಣೆ ಮುರಿದರೆ ಮುಂದೆ ಏನಾಗುತ್ತಿತ್ತು ಎಂದು ಇದರಿಂದಲೇ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ಜಮೀನಿನ ತಗಾದೆಯಲ್ಲಿ ಕಕ್ಷಿದಾರ ತಾನೇ ಕಣಕ್ಕೆ ಇಳಿಯುವ ಹಾಗಿಲ್ಲ, ಅವನ ಪರ ಬೇರೆ ಆಳು ಹೊಡೆದಾಡಬೇಕು. ಮೊದಲಿಗೆ ಆ ಆಳು ಜಮೀನಿನ ವಿಷಯ ಕಂಡು ಬಲ್ಲ ಸಾಕ್ಷಿ ಎಂದು ಪ್ರಮಾಣ ಮಾಡಬೇಕಿತ್ತು. ಎಲ್ಲರೂ ಸುಳ್ಳು ಪ್ರಮಾಣ ಮಾಡಿ ಬಾಡಿಗೆ ಜಟ್ಟಿಗಳನ್ನು ತರತೊಡಗಿದರು. 1275ರಲ್ಲಿ ಆ ಪ್ರಮಾಣವನ್ನೇ ಕೈಬಿಟ್ಟರು. ಹೆರೆಫರ್ಡ್‌ನ ಬಿಷಪ್ ಒಬ್ಬರು ಒಬ್ಬ ಜಟ್ಟಿಗೆ ವರ್ಷಕ್ಕೆ ಇಷ್ಟು ಎಂದು ಸಂಬಳ ಗೊತ್ತು ಮಾಡಿಟ್ಟುಕೊಂಡಿದ್ದರು. ಈಗ ಕಂಪನಿಗಳು ವಕೀಲರನ್ನು ಇಟ್ಟುಕೊಳ್ಳುವ ಹಾಗೆಯೇ.

ಹಳೇಮೇಷ್ಟ್ರು

ಯಾಕೆ ಹುಟ್ಟಿತು ಎಂದು ಕೇಳಿದಿರಲ್ಲ, ನನಗೆ ತಿಳಿದಷ್ಟು ಹೇಳುತ್ತೇನೆ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ್ದೇನೆ. ಈ ವಿಷಯವನ್ನು ಮಕ್ಕಳಿಗೆ ಒಂದೇ ಸಾಲಿನಲ್ಲಿ ಮೂಢನಂಬಿಕೆ ಎಂದು ಹೇಳಿ ಮುಗಿಸಿದ ತಪ್ಪು ನನ್ನದೂ ಇದೆ.

ಹಿಂದೆ ಸಾಕ್ಷಿ ಇಲ್ಲದ ಕೇಸು ಬಂದರೆ ಆಣೆ ಮಾಡಿಸುತ್ತಿದ್ದರು. ಆರೋಪಿ ತನ್ನ ಪರ ಹನ್ನೊಂದೋ ಹನ್ನೆರಡೋ ಜನರನ್ನು ಕರೆತಂದು, ಇವನ ಮಾತು ನಂಬಬಹುದು ಎಂದು ಅವರಿಂದಲೂ ಆಣೆ ಮಾಡಿಸಿದರೆ ಕೇಸು ಮುಗಿಯಿತು. ಸುಳ್ಳು ಆಣೆ ಜಾಸ್ತಿಯಾಯಿತು. ಬರ್ಗಂಡಿಯನ್ನರ ದೊರೆ ಗುಂಡೊಬಾಡ್ ಕ್ರಿ.ಶ. 500ರ ಆಸುಪಾಸಿನಲ್ಲಿ ಕಾದಾಟಕ್ಕೆ ಕಾನೂನು ಮಾಡಿದ್ದು ಇದೇ ಕಾರಣ ಕೊಟ್ಟು. ಜನ ಹಿಂದೆ ಮುಂದೆ ನೋಡದೆ ಸುಳ್ಳು ಆಣೆ ಮಾಡುತ್ತಾರೆ, ತಮ್ಮ ಮೈಗೇ ಪೆಟ್ಟು ಬೀಳುವುದಾದರೆ ಮಾಡುವುದಿಲ್ಲ ಎನ್ನುವ ಲೆಕ್ಕ.

ಎಲ್ಲರೂ ಕಣ್ಣು ಮುಚ್ಚಿ ನಂಬಿದ್ದರು ಎನ್ನುವುದು ಸುಳ್ಳು. ಇಟಲಿಯ ಲೊಂಬಾರ್ಡ್ ದೊರೆ ಲಿಯುತ್‌ಪ್ರಾಂಡ್ 731ರಲ್ಲೇ ತನ್ನ ಕಾನೂನಿನೊಳಗೆ ಬರೆಸಿದ್ದಾನೆ: ಇದು ನಿಜವಾಗಿ ದೇವರ ತೀರ್ಪೇ ಎಂದು ನಮಗೆ ಅನುಮಾನ ಇದೆ, ಎಷ್ಟೋ ಜನ ನ್ಯಾಯ ತಮ್ಮ ಕಡೆ ಇದ್ದೂ ಸೋತಿದ್ದಾರೆ, ಆದರೆ ನಮ್ಮ ಜನರ ರೂಢಿ ಆದ್ದರಿಂದ ನಿಲ್ಲಿಸಲು ಆಗುವುದಿಲ್ಲ. ಸಾವಿರ ವರ್ಷದ ಆಚೆ ಎಲೆನ್‌ಬರೋ ಹೇಳಿದ್ದು ಹೆಚ್ಚು ಕಡಿಮೆ ಇದನ್ನೇ ಅಲ್ವಾ?

ಕಾದಾಟದ ಜೊತೆಗೇ ದಿವ್ಯ ಪರೀಕ್ಷೆಗಳೂ ಇದ್ದವು. ಕಾದ ಕಬ್ಬಿಣ ಹಿಡಿದು ಒಂಬತ್ತು ಅಡಿ ನಡೆಯಬೇಕು. ಕೈಗೆ ಬಟ್ಟೆ ಸುತ್ತಿ ಮುದ್ರೆ ಹಾಕುತ್ತಾರೆ. ಮೂರು ದಿನ ಬಿಟ್ಟು ಬಿಚ್ಚಿ ನೋಡಿದಾಗ ಗಾಯ ಕೀವು ಕಟ್ಟಿರದಿದ್ದರೆ ಪಾರು. ಇಲ್ಲಿ ಗಮನಿಸಿ, ಕೈ ಸುಟ್ಟಿತೋ ಇಲ್ಲವೋ ಎನ್ನುವುದು ಪ್ರಶ್ನೆಯೇ ಅಲ್ಲ. ಮಾಯುತ್ತಿದೆಯೋ ಇಲ್ಲವೋ ಎನ್ನುವುದು ಪ್ರಶ್ನೆ. ಅದನ್ನು ನೋಡಿ ಹೇಳುವವನು ಪಾದ್ರಿ.

ಅದೇ ಕಾಲದಲ್ಲಿ ನಮ್ಮಲ್ಲೂ ಇದು ಇತ್ತು. ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಅಂದರೆ ಈಗಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಬರೆದ ಮಿತಾಕ್ಷರವನ್ನು ತೆಗೆದು ನೋಡಿ. ಆಸ್ತಿ ಭಾಗದ ಕೇಸಿನಿಂದ ವಕೀಲರಿಗೆ ಅದರ ಪರಿಚಯ ಇದ್ದೇ ಇರುತ್ತದೆ. ಅದು ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಸ್ಮೃತಿಯಲ್ಲಿ ತಕ್ಕಡಿ, ಬೆಂಕಿ, ನೀರು, ವಿಷ, ಕೋಶ (ದೇವರಿಗೆ ಅಭಿಷೇಕ ಮಾಡಿದ ನೀರು ಕುಡಿಯುವುದು) ಎಂದು ಐದು ದಿವ್ಯಗಳು. ಬೆಂಕಿಯ ದಿವ್ಯದಲ್ಲಿ ಅಂಗೈ ಮೇಲೆ ಏಳು ಅಶ್ವತ್ಥದ ಎಲೆ ಇಟ್ಟು, ಅದರ ಮೇಲೆ ಕಾದ ಕಬ್ಬಿಣದ ಗುಂಡು ಇಟ್ಟು, ಏಳು ಮಂಡಲ ದಾಟಿಸುತ್ತಾರೆ. ಆಮೇಲೆ ಅಂಗೈಯಲ್ಲಿ ಭತ್ತ ಉಜ್ಜಿಸಿ ಸುಟ್ಟಿದೆಯೇ ಎಂದು ನೋಡುತ್ತಾರೆ. ಹೆಂಗಸರು, ಮಕ್ಕಳು, ಮುದುಕರು, ಕುರುಡರು, ರೋಗಿಗಳಿಗೆ ಇದು ಬೇಡ, ತಕ್ಕಡಿಯಲ್ಲಿ ಕೂರಿಸಿ ತೂಗಿದರೆ ಸಾಕು ಎಂದಿದೆ. ಬೇರೆ ಪುರಾವೆ ಸಿಗದಾಗ ಮಾತ್ರ ದಿವ್ಯ.

ಆದರೆ ದ್ವಂದ್ವ ಯುದ್ಧವನ್ನು ಪುರಾವೆ ಮಾಡಿಕೊಂಡದ್ದು ಆ ಐದರಲ್ಲಿ ಇಲ್ಲ. ವಿಜಯನಗರದಲ್ಲಿ ದ್ವಂದ್ವ ಇತ್ತು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಅದನ್ನು ಬರೆದಿದ್ದಾನೆ. ಮಂತ್ರಿಯ ಅಪ್ಪಣೆ ಕೇಳಿ ಕಾದಬೇಕು, ಸತ್ತವನ ಆಸ್ತಿ ಗೆದ್ದವನಿಗೆ. ಅದು ಮಾನದ ಪ್ರಶ್ನೆ, ಯಾರು ಕಳ್ಳ ಎಂದು ತಿಳಿಯುವ ದಾರಿ ಅಲ್ಲ. ಎರಡನ್ನೂ ಬೆರೆಸಬಾರದು.

ತುಂಗಾತೀರ

ಮೇಷ್ಟ್ರೇ, ಕೀವು ಕಟ್ಟಿದೆಯೋ ಇಲ್ಲವೋ ಎಂದು ಪಾದ್ರಿ ಹೇಳುವುದು ಅಂದಿರಲ್ಲ, ಅಲ್ಲೇ ಇದೆ ಗುಟ್ಟು. ಹಂಗೆರಿಯ ವಾರಾದ್ ಎಂಬ ಊರಿನ ಚರ್ಚಿನಲ್ಲಿ 1208ರಿಂದ 1235ರವರೆಗಿನ ಕೇಸುಗಳ ದಾಖಲೆ ಉಳಿದಿದೆ. ಆ ಊರು ಈಗ ರೊಮೇನಿಯಾದಲ್ಲಿದೆ. ಕಾದ ಕಬ್ಬಿಣ ಹಿಡಿದ 208 ಜನರಲ್ಲಿ 130 ಜನ ಪಾರಾಗಿದ್ದಾರೆ! ಕಬ್ಬಿಣ ನಿಜವಾಗಿ ಕೆಂಪಗೆ ಕಾದಿದ್ದರೆ ಇದು ಸಾಧ್ಯವಾ? ಇಂಗ್ಲೆಂಡಿನ ರಾಜ ಎರಡನೇ ವಿಲಿಯಂ, ತನ್ನ ಕಾಡಿನ ಜಿಂಕೆ ಕೊಂದರು ಎಂದು 50 ಜನರಿಗೆ ಈ ಪರೀಕ್ಷೆ ಕೊಟ್ಟ. ಅಷ್ಟೂ ಜನ ಪಾರು. ಇನ್ನು ಮೇಲೆ ತೀರ್ಪು ದೇವರಿಗೆ ಬಿಡುವುದಿಲ್ಲ, ನಾನೇ ಕೊಡುತ್ತೇನೆ ಎಂದು ರಾಜ ಕೂಗಾಡಿದ ಎಂದು ಆ ಕಾಲದ ಸನ್ಯಾಸಿ ಈಡ್‌ಮರ್ ಬರೆದಿದ್ದಾನೆ.

ನನಗೆ ಅನ್ನಿಸುವುದು ಇಷ್ಟು. ತಪ್ಪು ಮಾಡಿದವನು ದೇವರಿಗೆ ಹೆದರಿ ಪರೀಕ್ಷೆಗೆ ಮುಂಚೆಯೇ ಒಪ್ಪಿಕೊಳ್ಳುತ್ತಿದ್ದ, ಇಲ್ಲ ರಾಜಿಗೆ ಬರುತ್ತಿದ್ದ. ಧೈರ್ಯವಾಗಿ ಮುಂದೆ ಬಂದವನ ಮುಖ ನೋಡಿಯೇ ಪಾದ್ರಿಗೆ ಅರ್ಧ ಗೊತ್ತಾಗುತ್ತಿತ್ತು. ಈಗಲೂ ನಮ್ಮ ಕಡೆ ಧರ್ಮಸ್ಥಳಕ್ಕೆ ಬಂದು ಆಣೆ ಮಾಡು ನೋಡೋಣ ಅಂದರೆ ಎಷ್ಟು ಜನ ಮಾತು ನುಂಗುತ್ತಾರೆ, ಯೋಚಿಸಿ. ಕಾದಾಟದ ಕಥೆಯೂ ಅದೇ. ಇಂಗ್ಲೆಂಡಿನಲ್ಲಿ ಕೈಗವಸು ಬಿದ್ದ ಕೇಸುಗಳಲ್ಲಿ ಎಷ್ಟೋ ಕಣದವರೆಗೆ ಬಂದು ರಾಜಿಯಲ್ಲಿ ಮುಗಿದಿವೆ. 1571ರಲ್ಲಿ ಲಂಡನ್ನಿನಲ್ಲಿ ಒಂದು ಜಮೀನು ಕೇಸಿಗೆ ಕಣ ಕಟ್ಟಿ, ನ್ಯಾಯಮೂರ್ತಿಗಳು ಬಂದು ಕೂತು, ಜನ ಕಿಕ್ಕಿರಿದು ಸೇರಿದ್ದರು. ದಾವೆ ಹೂಡಿದವರು ಬರಲೇ ಇಲ್ಲ. ಅಲ್ಲಿಗೆ ಕೇಸು ಮುಗಿಯಿತು.

ಕೋರ್ಟ್‌ಬೀದಿ

ತುಂಗಾತೀರ ಅವರೇ, ಈ ವಾದ ನನಗೂ ಹಿಡಿಸುತ್ತದೆ, ಆದರೆ ಪೂರ್ತಿ ಒಪ್ಪಲಾರೆ. ರಾಜಿಗೆ ಬಂದವನು ತಪ್ಪಿತಸ್ಥನೇ ಆಗಿರಬೇಕಾ? ಎದುರಾಳಿ ಬಾಡಿಗೆ ಜಟ್ಟಿ ತಂದಿದ್ದಾನೆ ಎಂದು ಹೆದರಿದವನೂ ಆಗಿರಬಹುದಲ್ಲ.

ಒಂದು ನಿಜವಾದ ಕಾದಾಟದ ಕಥೆ ಹೇಳುತ್ತೇನೆ. 1456, ವಿಂಚೆಸ್ಟರ್. ಥಾಮಸ್ ವೈಟ್‌ಹಾರ್ನ್ ಎಂಬ ಕಳ್ಳ ಸಿಕ್ಕಿಬಿದ್ದ. ಗಲ್ಲು ತಪ್ಪಿಸಿಕೊಳ್ಳಲು ಅಪ್ರೂವರ್ ಆದ. ಹೌದು, ನಮ್ಮ ಕೋರ್ಟಿನಲ್ಲಿ ಇವತ್ತಿಗೂ ಬಳಸುವ, ಪೇಪರಿನವರು ಮಾಫಿ ಸಾಕ್ಷಿ ಎನ್ನುವ ಅದೇ ಅಪ್ರೂವರ್. ಪದ ಬಂದಿರುವುದೇ ಅಲ್ಲಿಂದ. ಆಗ ವ್ಯತ್ಯಾಸ ಏನು ಅಂದರೆ, ಅಪ್ರೂವರ್ ಯಾರ ಮೇಲೆ ಹೇಳುತ್ತಾನೋ ಅವರು ಕಾದಾಟ ಕೇಳಿದರೆ ಅವನು ಹೊಡೆದಾಡಲೇಬೇಕು. ವೈಟ್‌ಹಾರ್ನ್ ಸರ್ಕಾರದಿಂದ ದಿನಕ್ಕೆ ಒಂದೂವರೆ ಪೆನ್ನಿ ತಿನ್ನುತ್ತಾ, ಒಬ್ಬರಾದ ಮೇಲೆ ಒಬ್ಬರ ಹೆಸರು ಹೇಳುತ್ತಾ ಹೋದ. ಕೆಲವರು ಗಲ್ಲಿಗೇರಿದರು. ಕೊನೆಗೆ ಜೇಮ್ಸ್ ಫಿಶರ್ ಎಂಬ ಒಬ್ಬ, ಸುಳ್ಳು, ಬಾ ಹೊಡೆದಾಡು ಎಂದ. ಇಬ್ಬರಿಗೂ ಬಿಳಿ ಕುರಿಚರ್ಮದ ಬಟ್ಟೆ, ಕೈಗೆ ತುದಿಯಲ್ಲಿ ಕಬ್ಬಿಣದ ಕೊಂಬಿದ್ದ ದೊಣ್ಣೆ. ದೊಣ್ಣೆ ಮುರಿಯಿತು. ಹಲ್ಲು ಉಗುರಿನಲ್ಲಿ ಮುಂದುವರಿದರು. ಫಿಶರ್ ಕೆಳಗೆ ಬಿದ್ದಿದ್ದವನು ಹೇಗೋ ಎದ್ದು, ಎದುರಾಳಿಯ ಮೂಗು ಕಚ್ಚಿ, ಕಣ್ಣಿಗೆ ಹೆಬ್ಬೆರಳು ಒತ್ತಿದ. ವೈಟ್‌ಹಾರ್ನ್ ಸೋತೆ ಎಂದು ಕಿರುಚಿ, ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡ. ಅವನನ್ನು ಗಲ್ಲಿಗೆ ಹಾಕಿದರು.

ಇಲ್ಲಿ ನಿಜವೇ ಗೆದ್ದಿತು, ಸರಿ. ಆದರೆ ಫಿಶರ್‌ನ ಕೈಯಲ್ಲಿ ಬಲ ಇಲ್ಲದಿದ್ದರೆ? ಅವನಿಗಿಂತ ಮುಂಚೆ ಗಲ್ಲಿಗೆ ಹೋದವರು?

ಬರ್ಮಿಂಗ್‌ಹ್ಯಾಮ್ ಕನ್ನಡತಿ

ಎರಡು ದಿನದಿಂದ ಈ ಚರ್ಚೆ ಓದುತ್ತಿದ್ದೇನೆ. ದೊಣ್ಣೆ, ಹಲ್ಲು, ಕಬ್ಬಿಣ ಎಲ್ಲ ಆಯಿತು. ಮೇರಿ ಎಲ್ಲಿ ಹೋದಳು?

ನಾನಿರುವ ಊರಿನ ಪಕ್ಕದಲ್ಲೇ ಅವಳು ಸತ್ತದ್ದು. ಸಟನ್ ಕೋಲ್ಡ್‌ಫೀಲ್ಡ್‌ನ ಹೋಲಿ ಟ್ರಿನಿಟಿ ಚರ್ಚಿನ ಅಂಗಳದಲ್ಲಿ ಅವಳನ್ನು ಹೂಳಿದರು. ಗೋರಿಯ ಕಲ್ಲಿನ ಮೇಲೆ ಏನು ಕೆತ್ತಿದರು ಗೊತ್ತಾ? ಹೆಣ್ಣಿನ ಶೀಲಕ್ಕೆ ಎಚ್ಚರಿಕೆಯಾಗಿ ಈ ಕಲ್ಲು ಎಂದು ಶುರು. ಸರಿಯಾದ ರಕ್ಷಣೆ ಇಲ್ಲದೆ ಮೋಜಿನ ಜಾಗಕ್ಕೆ ಮುಂದಾಲೋಚನೆ ಇಲ್ಲದೆ ಹೋದವಳು ಎಂದು ಮುಂದೆ. ಸತ್ತ ಹುಡುಗಿಯ ತಲೆಯ ಮೇಲೆ ಅವಳದೇ ತಪ್ಪು ಎಂದು ಕಲ್ಲಿನಲ್ಲಿ ಬರೆದು ನಿಲ್ಲಿಸಿದರು. ಇದನ್ನು ಮೊದಲ ಸಲ ಓದಿದ ದಿನ ನನಗೆ ಊಟ ಸೇರಲಿಲ್ಲ.

ಇನ್ನೊಂದು. ಅಪೀಲನ್ನು ಅಣ್ಣನೇ ಯಾಕೆ ಹೂಡಬೇಕಾಯಿತು? 1215ರ ಮ್ಯಾಗ್ನಾ ಕಾರ್ಟಾ, ಎಲ್ಲರೂ ಸ್ವಾತಂತ್ರ್ಯದ ಹೆಸರಿನಲ್ಲಿ ಹೊಗಳುವ ಅದೇ ದಾಖಲೆ, ಅದರ 54ನೇ ಕಲಮು ಓದಿ. ಗಂಡನ ಸಾವಿನ ವಿಷಯ ಬಿಟ್ಟು ಬೇರೆ ಯಾರ ಸಾವಿಗಾಗಲಿ, ಹೆಂಗಸಿನ ಅಪೀಲಿನ ಮೇಲೆ ಯಾರನ್ನೂ ಹಿಡಿಯಬಾರದು, ಜೈಲಿಗೆ ಹಾಕಬಾರದು. ಹೆಂಗಸು ಕಣಕ್ಕೆ ಇಳಿಯುವವಳಲ್ಲ. ಅವಳು ದೂರು ಕೊಟ್ಟರೆ ಆರೋಪಿಗೆ ಕಾದಾಟದ ಅವಕಾಶ ತಪ್ಪುತ್ತದೆ. ಅವನಿಗೆ ಅನ್ಯಾಯ ಆಗಬಾರದಲ್ಲ! ಮಗಳನ್ನು ಕೊಂದರು ಎಂದು ತಾಯಿ ಅಪೀಲು ಹೂಡುವಂತಿಲ್ಲ. ಅಕ್ಕನನ್ನು ಕೊಂದರು ಎಂದು ತಂಗಿ ಹೂಡುವಂತಿಲ್ಲ.

ಫ್ರಾನ್ಸಿನ ಮಾರ್ಗರೀತ್ ಕಥೆಯೂ ಇದೇ. 1386ರ ಜನವರಿಯಲ್ಲಿ ಗಂಡ ಮನೆಯಲ್ಲಿ ಇಲ್ಲದಾಗ ಜಾಕ್ ಲ ಗ್ರೀ ಎಂಬವನು ತನ್ನ ಮೇಲೆ ಬಲಾತ್ಕಾರ ಮಾಡಿದ ಎಂದು ಹೇಳಿದಳು. ಸೀಮೆಯ ಒಡೆಯ, ಅಲಾನ್ಸೋನ್‌ನ ಕೌಂಟ್, ಲ ಗ್ರೀಯ ಪೋಷಕ. ಅವನು ದೂರನ್ನು ತಳ್ಳಿಹಾಕಿದ. ಗಂಡ ಜಾನ್ ದ ಕಾರೂಜ್ ಪ್ಯಾರಿಸ್ಸಿಗೆ ಹೋಗಿ ರಾಜನ ಕೋರ್ಟಿನಲ್ಲಿ ಕಾದಾಟ ಕೇಳಿದ. ಕೋರ್ಟು ಒಪ್ಪಿತು. ರಾಜ ಆರನೇ ಚಾರ್ಲ್ಸ್‌ಗೆ, ಅವನಿನ್ನೂ ಹುಡುಗ, ಅದನ್ನು ನೋಡುವ ಆಸೆ. ಅವನು ಬರುವವರೆಗೆ ದಿನ ಮುಂದೆ ಹಾಕಿದರು. ಡಿಸೆಂಬರ್ 29ರಂದು ಸೇಂಟ್ ಮಾರ್ಟಿನ್ ಮಠದ ಬಯಲಿನಲ್ಲಿ ಕಾದಾಟ ಆಯಿತು. ಗಂಡ ಸೋತಿದ್ದರೆ ಅವಳು ಸುಳ್ಳು ಹೇಳಿದ್ದಾಳೆ ಎಂದು ಅಲ್ಲೇ ಜೀವಂತ ಸುಡುತ್ತಿದ್ದರು. ಅವಳು ಕಪ್ಪು ಬಟ್ಟೆ ಉಟ್ಟು ಅದನ್ನೆಲ್ಲ ನೋಡುತ್ತಾ ಇರಬೇಕಾಯಿತು. ಮೊದಲು ತೊಡೆಗೆ ಪೆಟ್ಟು ತಿಂದದ್ದು ಅವಳ ಗಂಡನೇ. ಆ ಕ್ಷಣ ಅವಳಿಗೆ ಹೇಗಾಗಿರಬೇಡ!

ಕೊನೆಗೆ ಕಾರೂಜ್ ಗೆದ್ದ, ಲ ಗ್ರೀ ಸತ್ತ. ಅವಳು ಹೇಳಿದ್ದು ನಿಜ ಎಂದಾಯಿತು, ಯಾಕೆ ಅಂದರೆ ಗಂಡನ ಕತ್ತಿ ಸರಿಯಾದ ಜಾಗಕ್ಕೆ ಇಳಿಯಿತು. ಲ ಗ್ರೀಯ ವಕೀಲ ಜಾನ್ ಲ ಕಾಕ್ ತನ್ನ ಟಿಪ್ಪಣಿಯಲ್ಲಿ ಈ ಕೇಸಿನ ಸತ್ಯ ಯಾರಿಗೂ ನಿಜವಾಗಿ ತಿಳಿಯಲಿಲ್ಲ ಎಂದು ಬರೆದಿಟ್ಟ. ಜನ ಈಗಲೂ ಅದನ್ನೇ ಎತ್ತಿ ಹೇಳುತ್ತಾರೆ. ಅವಳ ಮಾತು ಮಾತ್ರ ಸಾಕಾಗುವುದೇ ಇಲ್ಲ.

ಹಳೇಮೇಷ್ಟ್ರು

ತಂಗೀ, ನೀವು ಹೇಳಿದ್ದು ಸರಿ. ನಾವು ಕಣದ ಕಡೆಗೇ ನೋಡುತ್ತಿದ್ದೆವು.

ಒಂದು ಸಣ್ಣ ತಿದ್ದುಪಡಿ ಮಾತ್ರ. ಬಲಾತ್ಕಾರದ ಬಗ್ಗೆ ಮತ್ತು ಗಂಡನ ಕೊಲೆಯ ಬಗ್ಗೆ ಇಂಗ್ಲೆಂಡಿನಲ್ಲಿ ಹೆಂಗಸು ತಾನೇ ಅಪೀಲು ಹೂಡಬಹುದಿತ್ತು. ಆಗ ಕಾದಾಟ ಇಲ್ಲ, ಜ್ಯೂರಿ ಮುಂದೆ ವಿಚಾರಣೆ. ಮಾರ್ಗರೀತ್‌ಗೆ ಫ್ರಾನ್ಸಿನಲ್ಲಿ ಆ ದಾರಿ ಇರಲಿಲ್ಲ.

ತುಂಗಾತೀರ

ನಾನು ರಾಜಿಯ ಬಗ್ಗೆ ಅಷ್ಟು ಹಗುರಾಗಿ ಬರೆಯಬಾರದಿತ್ತು. ಆದರೆ ಒಂದು ಮಾತು ಇನ್ನೂ ಉಳಿಯುತ್ತದೆ. ಇವೆಲ್ಲ ಹೋದ ಮೇಲೆ ಬಂದದ್ದೇನು? 1215ರಲ್ಲಿ ಪೋಪ್ ಕರೆದ ಲ್ಯಾಟರನ್ ಸಭೆ, ಪಾದ್ರಿಗಳು ದಿವ್ಯ ಪರೀಕ್ಷೆಗೆ ಮಂತ್ರ ಹೇಳಬಾರದು ಎಂದಿತು. ಪಾದ್ರಿ ಇಲ್ಲದೆ ದಿವ್ಯ ಇಲ್ಲ. ಇಂಗ್ಲೆಂಡು ಜ್ಯೂರಿಯ ಕಡೆ ಹೋಯಿತು. ಯುರೋಪಿನ ಉಳಿದ ಭಾಗದಲ್ಲಿ ಪೂರ್ತಿ ಪುರಾವೆ ಬೇಕು, ಇಲ್ಲವಾದರೆ ತಪ್ಪೊಪ್ಪಿಗೆ ಬೇಕು ಎಂದಾಯಿತು. ತಪ್ಪೊಪ್ಪಿಗೆ ಹೇಗೆ ಬರಬೇಕು? ಹಿಂಸೆ ಕೊಟ್ಟು. 1252ರಲ್ಲಿ ಪೋಪ್ ನಾಲ್ಕನೇ ಇನೊಸೆಂಟ್ ಮತದ್ರೋಹಿಗಳ ವಿಚಾರಣೆಯಲ್ಲಿ ಅದಕ್ಕೆ ಅನುಮತಿಯನ್ನೇ ಕೊಟ್ಟ.

ಇಂಗ್ಲೆಂಡೂ ಸಾಚಾ ಅಲ್ಲ. ಜ್ಯೂರಿ ವಿಚಾರಣೆಗೆ ಆರೋಪಿ ತಾನೇ ಒಪ್ಪಬೇಕಿತ್ತು. ಒಪ್ಪದೆ ಸುಮ್ನೆ ನಿಂತರೆ ನೆಲದ ಮೇಲೆ ಮಲಗಿಸಿ ಎದೆ ಮೇಲೆ ಭಾರ ಹೇರುತ್ತಿದ್ದರು. 1586ರಲ್ಲಿ ಯಾರ್ಕ್‌ನಲ್ಲಿ ಮಾರ್ಗರೆಟ್ ಕ್ಲಿದರೋ ಎಂಬ ಹೆಂಗಸು ಹೀಗೆ ಸತ್ತಳು. ತಾನು ಬಾಯಿಬಿಟ್ಟು ವಿಚಾರಣೆ ನಡೆದರೆ ತನ್ನ ಮಕ್ಕಳೇ ಸಾಕ್ಷಿ ಹೇಳಬೇಕಾಗುತ್ತದೆ ಎಂದು ಸುಮ್ಮನಿದ್ದಳು. ಅದು ರದ್ದಾಗಿದ್ದು 1772ರಲ್ಲಿ.

ಗರಡಿಮನೆ

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. 1819ರಲ್ಲಿ ಕಾದಾಟದ ಜೊತೆ ಅಪೀಲೂ ರದ್ದಾಯಿತು ಅಂದಿರಿ. ಅಂದರೆ ಆಮೇಲೆ ಸತ್ತವರ ಕಡೆಯವರಿಗೆ ಯಾವ ದಾರಿಯೂ ಇಲ್ಲದಾಯಿತಾ? ಕೋರ್ಟು ಬಿಟ್ಟುಬಿಟ್ಟರೆ ಮುಗಿಯಿತಾ?

ಕೋರ್ಟ್‌ಬೀದಿ

ಹೌದು ಅಣ್ಣ, ಮುಗಿಯಿತು. ಕಾದಾಟ ಹೋಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಜೊತೆಗೆ ಮನೆಯವರ ಕೈಯಲ್ಲಿದ್ದ ಹಕ್ಕೂ ಹೋಯಿತು. ಅಪರಾಧ ಎನ್ನುವುದು ಸರ್ಕಾರ ಮತ್ತು ಆರೋಪಿಯ ನಡುವಿನ ವಿಷಯ, ನೊಂದವರು ಬರೀ ಸಾಕ್ಷಿಗಳು. ಬ್ರಿಟಿಷರು ನಮ್ಮಲ್ಲಿಗೆ ತಂದ ಕಾನೂನಿನಲ್ಲೂ ಹೆಚ್ಚು ಕಡಿಮೆ ಇದೇ ರೀತಿ ಇತ್ತು. ಪೊಲೀಸ್ ಕೇಸಿನಲ್ಲಿ ಆರೋಪಿ ಖುಲಾಸೆಯಾದರೆ ಅಪೀಲು ಹಾಕಬೇಕೋ ಬೇಡವೋ ಎಂದು ಸರ್ಕಾರ ತೀರ್ಮಾನ ಮಾಡಬೇಕು. ಮನೆಯವರು ಕಾಯುತ್ತಾ ಕೂರಬೇಕು.

ಇದು ಬದಲಾಗಿದ್ದು ಮೊನ್ನೆ ಮೊನ್ನೆ. ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 372ನೇ ಕಲಮಿಗೆ ತಿದ್ದುಪಡಿ ತಂದರು. 2009ರ ಡಿಸೆಂಬರ್ 31ರಿಂದ ನೊಂದವರು ತಾವೇ ಖುಲಾಸೆಯ ವಿರುದ್ಧ ಅಪೀಲು ಹಾಕಬಹುದು. ನೊಂದವರು ಎಂದರೆ ವಾರಸುದಾರರೂ ಸೇರುತ್ತಾರೆ. ಗಂಡು ಹೆಣ್ಣು ಎಂಬ ಭೇದ ಇಲ್ಲ.

ಬರ್ಮಿಂಗ್‌ಹ್ಯಾಮ್ ಮೇಡಂ, ನಿಮ್ಮ ಮಾತು ಓದಿದ ಮೇಲೆ ಗೊತ್ತಾಯಿತು ಈ ಕೇಸು ಯಾಕೆ ನನ್ನನ್ನು ಹಿಡಿದುಕೊಂಡಿದೆ ಎಂದು. ಹೋದ ವರ್ಷ ಒಬ್ಬ ತಾಯಿ ನನ್ನ ಕಚೇರಿಗೆ ಬಂದಿದ್ದರು. ಮಗಳ ಕೇಸಿನಲ್ಲಿ ಆರೋಪಿ ಬಿಡುಗಡೆ ಆಗಿದ್ದ. ಗಂಡ ಇಲ್ಲ, ಗಂಡುಮಕ್ಕಳಿಲ್ಲ. ನಾನೊಬ್ಬಳೇ ಬಂದರೆ ಆಗುತ್ತಾ ಸ್ವಾಮಿ, ಯಾರಾದರೂ ಗಂಡಸರನ್ನು ಕರೆದುಕೊಂಡು ಬರಬೇಕಾ ಎಂದು ಕೇಳಿದರು. ಆಗುತ್ತದೆ ಅಮ್ಮ, ಕೂತುಕೊಳ್ಳಿ ಎಂದೆ. ವಕಾಲತ್ತಿಗೆ ಸಹಿ ಹಾಕಿದ್ದು ಅವರೇ. ಹೈಕೋರ್ಟಿನಲ್ಲಿ ಅಪೀಲು ಇನ್ನೂ ಇದೆ, ಪ್ರತಿ ತಾರೀಖಿಗೂ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ.